ಜಗಳವಾಡುವವನು ನಂಬಿಕೆ ಬಿಟ್ಟವನಲ್ಲ

ಮಾನ್ಯ ಸಂಪಾದಕರೇ,

ಮೇರಿ ಡೋರಿಯಾ ರಸೆಲ್ ಅವರ ‘ದಿ ಸ್ಪ್ಯಾರೋ’ (1996) ಕಾದಂಬರಿಯನ್ನು ಭಾನುವಾರದ ಪುರವಣಿಯಲ್ಲಿ ‘ದೇವರನ್ನು ಕಳೆದುಕೊಂಡವನ ಕಥೆ’ ಎಂದು ಕರೆದಿರುವುದನ್ನು ನಾನು ಒಪ್ಪಲಾರೆ.

ನಮಗೆ ಹತ್ತಿರದ ನಕ್ಷತ್ರ ಮಂಡಲವಾದ ಆಲ್ಫಾ ಸೆಂಟಾರಿಯ ಕಡೆಯಿಂದ ಬಂದ ಹಾಡೊಂದನ್ನು ಅರೆಸಿಬೊ ರೇಡಿಯೊ ದೂರದರ್ಶಕ ಹಿಡಿಯುತ್ತದೆ. ಹಾಡಿದವರನ್ನು ಅರಸಿ ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳೂ ಅವರ ಗೆಳೆಯರೂ ಆ ಗ್ರಹಕ್ಕೆ ಹೊರಡುತ್ತಾರೆ. ಮರಳಿ ಬರುವವನು ಪಾದ್ರಿ ಎಮಿಲಿಯೊ ಸಾಂಡೋಜ್ ಒಬ್ಬನೇ. ಅವನ ಅಂಗೈಗಳ ಮಾಂಸವನ್ನು ಅಲ್ಲಿನವರು ಎಲುಬುಗಳ ನಡುವಿನಿಂದ ಕತ್ತರಿಸಿ ತೆಗೆದಿದ್ದಾರೆ. ಬೆರಳುಗಳು ನೀಳವಾಗಿ ಜೋತುಬಿದ್ದಿವೆ. ಆ ಪುಟಗಳನ್ನು ಓದಿದ ಮೇಲೆ ಪುಸ್ತಕ ಮಡಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಆದರೆ ದೇವರ ಮೇಲೆ ಅಷ್ಟೊಂದು ಸಿಟ್ಟಾಗುವವನು ದೇವರನ್ನು ಬಿಟ್ಟವನಲ್ಲ. ಇಲ್ಲದವನೊಡನೆ ಯಾರಾದರೂ ಜಗಳಕ್ಕೆ ನಿಲ್ಲುತ್ತಾರೆಯೇ? ಜೊತೆಗೆ ಹೋದ ಸೋಫಿಯಾಳ ಮೇಲಿನ ಒಲವನ್ನೂ ಪಾದ್ರಿಯ ಬ್ರಹ್ಮಚರ್ಯ ವ್ರತಕ್ಕಾಗಿ ಎದೆಯಲ್ಲೇ ಅದುಮಿಟ್ಟವನು ಅವನು. ದೇವರು ತನ್ನನ್ನು ಪ್ರೀತಿಯಿಂದ ಕೈಹಿಡಿದು ಅಲ್ಲಿಗೆ ಕರೆದೊಯ್ದನೆಂದು ಮನಸಾರೆ ನಂಬಿದ್ದ. ಅಪರಿಚಿತರು ಮಾಡಿದ ಗಾಯಕ್ಕಿಂತ ಆ ನಂಬಿಕೆಯ ಗಾಯವೇ ಅವನನ್ನು ಹೆಚ್ಚು ನೋಯಿಸುತ್ತದೆ. ವಿಮರ್ಶಕರು ಅನ್ಯಗ್ರಹದ ವಿವರಗಳಿಗೆ ಕೊಟ್ಟ ಜಾಗದಲ್ಲಿ ಅರ್ಧವನ್ನಾದರೂ ಈ ನೋವಿಗೆ ಕೊಡಬೇಕಿತ್ತು.

ಇದರ ಮುಂದಿನ ಭಾಗ ‘ಚಿಲ್ಡ್ರನ್ ಆಫ್ ಗಾಡ್’ (1998) ಕುರಿತೂ ದಯವಿಟ್ಟು ಬರೆಸಿ.

ನಿಮ್ಮ ಓದುಗ