ತಗಡಿಗೂ ನಾರಿದೆ

ಮಾನ್ಯ ಸಂಪಾದಕರೇ,

ನಮ್ಮ ಕಡೆ ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಸುಟ್ಟರೆ ಕಾಯಿಲ್ ತಾಮ್ರದ್ದೋ ಅಲ್ಯೂಮಿನಿಯಂದೋ, ಎಣ್ಣೆ ಎಷ್ಟು ಹಾಕಿದರು ಎಂದೆಲ್ಲ ಕೇಳುತ್ತಾರೆ. ಒಳಗೆ ಕಾಯಿಲ್ ನಡುವೆ ಒತ್ತಾಗಿ ಜೋಡಿಸಿದ ಕೋರ್ ತಗಡಿನ ಗತಿ ಏನಾಯ್ತು ಎಂದು ಯಾರೂ ಕೇಳುವುದಿಲ್ಲ. ಸಾಗರದಲ್ಲಿ ಮೂವತ್ತು ವರ್ಷದಿಂದ ವೈಂಡಿಂಗ್ ಅಂಗಡಿ ಇಟ್ಟುಕೊಂಡಿರುವ ನನಗೂ ಮೊದಮೊದಲು ಅದರ ಮೇಲೆ ಗಮನ ಇರಲಿಲ್ಲ.

ಆಗ ಮಳೆಗಾಲ ಬಂತೆಂದರೆ ವೋಲ್ಟೇಜ್ ಬೀಳುತ್ತಿತ್ತು, ಸ್ಟೆಬಿಲೈಸರ್ ಕೇಳುವವರು ಜಾಸ್ತಿ. ಗುಜರಿಯಲ್ಲಿ ಸಿಕ್ಕ ದೊಡ್ಡ ಟ್ರಾನ್ಸ್‌ಫಾರ್ಮರಿನ ತಗಡು ತಂದೆ. ಅಳತೆಗೆ ಕೂರುತ್ತದೆಂದು ಅಡ್ಡಡ್ಡ ಕತ್ತರಿಸಿದೆ, ಕೂರದ ಕಡೆ ಬಡಿದು ಕೂರಿಸಿದೆ. ಸುತ್ತಿನ ಲೆಕ್ಕ ಸರಿಯಾಗೇ ಇತ್ತು. ಆದರೂ ಲೋಡ್ ಇಲ್ಲದೆಯೇ ಕೈ ಇಡಲಾಗದಷ್ಟು ಬಿಸಿ. ಮೇಲಿಂದ ಹೆಜ್ಜೇನು ಎದ್ದ ಹಾಗೆ ಗುಂಯ್‌ಗುಟ್ಟುವುದು ಬೇರೆ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದ ನಮ್ಮ ಭಾವ ಒಂದು ಚೂರು ತಗಡನ್ನು ಆಸಿಡ್‌ಗೆ ಹಾಕಿ, ಬೂದು ಲೇಪ ಬಿಡಿಸಿ, ಬಿಸಿಲಿಗೆ ಹಿಡಿದರು. ಉಗುರಿನಷ್ಟಗಲದ ಹರಳುಗಳು! ಓರೆ ಮಾಡಿದರೆ ಕೆಲವು ಹೊಳೆಯುತ್ತಿದ್ದವು, ಪಕ್ಕದವು ಮಂಕು. "ಅಡಿಕೆ ದಬ್ಬೆಯನ್ನ ಅಡ್ಡ ಸೀಳೋಕೆ ಹೋಗಿದ್ದೀಯಲ್ಲೋ ಮಾರಾಯ" ಎಂದರು.

ಈ ತಗಡು ಶೇ 3ರಷ್ಟು ಸಿಲಿಕಾನ್ ಬೆರೆತ ಉಕ್ಕು. ಬಿಸಿಯಲ್ಲಿ ಲಟ್ಟಿಸಿದಾಗ ಸುಮಾರು 2 ಮಿ.ಮೀ. ದಪ್ಪ ಇರುತ್ತದೆ. ಆಮೇಲೆ ತಣ್ಣಗಿರುವಾಗಲೇ ರೋಲರ್‌ಗಳ ನಡುವೆ ಹಾಯಿಸಿ 0.3 ಮಿ.ಮೀ.ಗೆ ಇಳಿಸುತ್ತಾರೆ. ತಣ್ಣಗಿನ ಉಕ್ಕು ಸುಮ್ನೆ ಮಣಿಯುತ್ತದೆಯೇ? ಹರಳುಗಳು ಜಜ್ಜಿ, ಉದ್ದಕ್ಕೆ ಎಳೆದುಕೊಂಡು, ಒಳಗೆಲ್ಲ ಬಿಗಿ ತುಂಬುತ್ತದೆ. ಮುಂದೆ ಕಾಯಿಸಿದಾಗ ಆ ಬಿಗಿಯ ಬಲದಿಂದಲೇ ಹೊಸ ಸಣ್ಣ ಹರಳುಗಳು ಹುಟ್ಟುತ್ತವೆ. ಕೊನೆಗೆ ಹೈಡ್ರೋಜನ್ ಕುಲುಮೆಯಲ್ಲಿ 1200 ಡಿಗ್ರಿ ಹತ್ತಿರ ಬೇಯಿಸುವಾಗ, ರೋಲರ್ ಹಾಯ್ದ ದಿಕ್ಕಿಗೆ ಸರಿಯಾಗಿ ಕೂತ ಕೆಲವೇ ಹರಳುಗಳು ಅಕ್ಕಪಕ್ಕದವನ್ನು ನುಂಗಿ ಬೆಳೆಯುತ್ತವೆ. ಅಮೆರಿಕದ ನಾರ್ಮನ್ ಗಾಸ್ 1934ರಲ್ಲಿ ಪೇಟೆಂಟ್ ಪಡೆದ ದಾರಿ ಇದು. ಕಾಂತಶಕ್ತಿ ಆ ದಿಕ್ಕಿನಲ್ಲಿ ಸಲೀಸಾಗಿ ಹರಿಯುತ್ತದೆ, ಅಡ್ಡಕ್ಕೆ ತಿಣುಕುತ್ತದೆ. ಸುತ್ತಿಗೆ ಏಟು ಬಿದ್ದರೂ ಅಷ್ಟೇ. ರೋಲರ್ ಕೆಳಗೆ ಬೇಕಾಗಿದ್ದ ಬಿಗಿ ಇಲ್ಲಿ ಕೇಡು. ಅದನ್ನು ಕಳೆಯಲು ಮತ್ತೆ 800 ಡಿಗ್ರಿಗೆ ಕಾಯಿಸಬೇಕು. ಯಾವ ರಿಪೇರಿ ಶೆಡ್ಡಿನಲ್ಲಿ ಅಂಥ ಕುಲುಮೆ ಇದೆ?

ಹೋದ ಮಳೆಗಾಲ ನಮ್ಮ ಕೇರಿಯ ಟಿಸಿ ರಿಪೇರಿಗೆ ಹೋಗಿತ್ತು. ಕಬ್ಬಿಣದ ಸುತ್ತಿಗೆಯಲ್ಲೇ ತಗಡು ಬಡಿದು ಕೂರಿಸುವುದನ್ನು ನಿಂತು ನೋಡಿದೆ. ಹೇಳಿದರೆ ಹುಡುಗರು ನಕ್ಕರು. ಅವರ ತಪ್ಪೇನೂ ಇಲ್ಲ ಬಿಡಿ, ಹೇಳಿಕೊಟ್ಟವರಿಲ್ಲ. ಕೋರ್ ತಿನ್ನುವ ಕರೆಂಟು ಪಂಪು ನಿಂತ ಮೇಲೂ, ದಿನದ 24 ಗಂಟೆಯೂ ಹೋಗುತ್ತಲೇ ಇರುತ್ತದೆ.

ರಿಪೇರಿ ಮಾಡಿಸುವವರು ರಿಪೇರಿಯಾದ ಪ್ರತಿ ಟಿಸಿಗೂ ಲೋಡ್ ಇಲ್ಲದೆ ಎಷ್ಟು ವ್ಯಾಟ್ ಎಳೆಯುತ್ತದೆ ಎಂದು ಅಳೆದು, ಆ ಅಂಕಿಯನ್ನು ಟ್ಯಾಂಕಿನ ಮೇಲೆ ಪೇಂಟಿನಲ್ಲಿ ಬರೆಸಲಿ. ವ್ಯಾಟ್‌ಮೀಟರ್ ಹಾಕಿ ಹತ್ತು ನಿಮಿಷದ ಕೆಲಸ. ಬೇಕಾದರೆ ಮೀಟರ್ ನಾನೇ ತರುತ್ತೇನೆ.

— ಒಬ್ಬ ವೈಂಡಿಂಗ್ ಅಂಗಡಿಯವ, ಸಾಗರ