ಸೀಸದ ಪಾತ್ರೆಯೊಳಗಿನ ಸಿಂಹದ ಮರಿ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಹೀಬ್ರೂ ಬೈಬಲನ್ನು ಓದಿ ಮುಗಿಸಿದ ಮೇಲೆ ನೀನು ಎರಡು ಪ್ರಶ್ನೆಗಳನ್ನು ಬರೆದು ಕಳಿಸಿದ್ದೆ. ಕಡಲು ಇಬ್ಭಾಗವಾದುದನ್ನು ಕಂಡವರ ಮಕ್ಕಳು ಮರಿಮಕ್ಕಳು ಮತ್ತೆ ಮತ್ತೆ ವಿಗ್ರಹಗಳ ಬಳಿಗೆ ಏಕೆ ಓಡಿದರು ಎಂಬುದು ಮೊದಲನೆಯದು. ಅವರನ್ನು ತಡೆಯಲು ತಲೆಮಾರಿಗೊಬ್ಬರಂತೆ ಬರುತ್ತಿದ್ದ ಪ್ರವಾದಿಗಳು ಒಂದು ಹಂತದಲ್ಲಿ ಬರುವುದನ್ನೇ ಏಕೆ ನಿಲ್ಲಿಸಿದರು ಎಂಬುದು ಎರಡನೆಯದು. ಯೆಹೂದಿ ಪರಂಪರೆಯ ಕೆಲವು ಸೂಕ್ಷ್ಮಮತಿಗಳು ಇವೆರಡನ್ನೂ ಒಂದೇ ಪ್ರಶ್ನೆಯಾಗಿ ಓದಿದ್ದಾರೆ. ಅವರ ಉತ್ತರ ನನಗೆ ಬಹುಮಟ್ಟಿಗೆ ಒಪ್ಪಿಗೆಯಾಗಿರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ವಿಗ್ರಹವನ್ನು ಪೂಜಿಸಿದವರು ಮೂಢರಾಗಿದ್ದರು ಎಂಬ ಭಾವನೆಯನ್ನು ಮೊದಲು ಬಿಡು. ಯೆರೆಮೀಯನ ಗ್ರಂಥದ 44ನೆಯ ಅಧ್ಯಾಯದಲ್ಲಿ ಅವರೇ ಬಾಯಿ ತೆರೆದು ಮಾತನಾಡುತ್ತಾರೆ. ಕ್ರಿ.ಪೂ. 586ರಲ್ಲಿ ಜೆರುಸಲೇಮ್ ಬಾಬಿಲೋನಿನವರ ಕೈಯಲ್ಲಿ ಸುಟ್ಟು ಬೂದಿಯಾದ ಮೇಲೆ ಈಜಿಪ್ಟಿಗೆ ಓಡಿಬಂದ ನಿರಾಶ್ರಿತರು ಅವರು. ಗಗನದ ಒಡತಿ ಎಂಬ ದೇವತೆಗೆ ಧೂಪ ಹಾಕಿದ್ದರಿಂದಲೇ ಈ ಕೇಡು ಬಂದಿತೆಂದು ಪ್ರವಾದಿ ಗದರಿಸಿದಾಗ, ಅವಳಿಗೆ ಧೂಪ ಹಾಕುತ್ತಿದ್ದಷ್ಟು ಕಾಲ ನಮಗೆ ಅನ್ನಕ್ಕೆ ಕೊರತೆಯಿರಲಿಲ್ಲ, ಅದನ್ನು ನಿಲ್ಲಿಸಿದ ಮೇಲೆಯೇ ಕತ್ತಿಯೂ ಬರಗಾಲವೂ ನಮ್ಮನ್ನು ಹಿಡಿದವು ಎಂದು ಅವರು ತಿರುಗಿ ವಾದಿಸುತ್ತಾರೆ. ಹೆಂಗಸರಂತೂ ಗಂಡಂದಿರಿಗೆ ತಿಳಿಯದೆ ನಾವು ಇದನ್ನೆಲ್ಲ ಮಾಡಿದೆವೇ ಎಂದು ಎದುರು ಪ್ರಶ್ನೆ ಹಾಕುತ್ತಾರೆ. ಇತಿಹಾಸದ ಲೆಕ್ಕದಲ್ಲಿ ಅವರ ವಾದ ಹುರುಳಿಲ್ಲದ್ದೂ ಅಲ್ಲ. ಅರಸನಾದ ಯೋಷೀಯನು ಕ್ರಿ.ಪೂ. 622ರ ಸುಮಾರಿಗೆ ಇತರ ದೇವತೆಗಳ ಬಲಿಪೀಠಗಳನ್ನೆಲ್ಲ ಕೆಡವಿಸಿ ಹದಿಮೂರು ವರ್ಷ ತುಂಬುವುದರೊಳಗೆ ಮೆಗಿದ್ದೋವಿನಲ್ಲಿ ಹತನಾದನು. ಅಲ್ಲಿಂದ ಮುಂದೆ ಆ ನಾಡಿಗೆ ಒಳ್ಳೆಯ ದಿನ ಬರಲಿಲ್ಲ. ತಮ್ಮ ಪ್ರವಾದಿಗೆ ಎದುರಾಡಿದವರ ಮಾತನ್ನು ಇಷ್ಟು ಸ್ಪಷ್ಟವಾಗಿ ಉಳಿಸಿಕೊಂಡ ಧರ್ಮಗ್ರಂಥಗಳು ಹೆಚ್ಚಿಲ್ಲ.

ನೆಲದಡಿಯ ಸಾಕ್ಷ್ಯವೂ ಇದನ್ನೇ ಹೇಳುತ್ತದೆ. ಸಿನಾಯ್ ಮರುಭೂಮಿಯ ಕುಂತಿಲ್ಲತ್ ಅಜ್ರುದ್ ಎಂಬಲ್ಲಿ 1975–76ರಲ್ಲಿ ನಡೆದ ಉತ್ಖನನದಲ್ಲಿ, ಕ್ರಿ.ಪೂ. 800ರ ಆಸುಪಾಸಿನ ದೊಡ್ಡ ಜಾಡಿಗಳ ಮೇಲೆ ‘ಸಮಾರ್ಯದ ಯೆಹೋವ ಮತ್ತು ಅವನ ಅಶೇರಾ’ ಎಂಬ ಹೆಸರಿನಲ್ಲಿ ಬರೆದ ಆಶೀರ್ವಾದ ಸಿಕ್ಕಿತು. ಅಶೇರಾ ಎಂದರೆ ದೇವಿಯೋ, ಪೂಜೆಯ ಮರದ ಕಂಬವೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಒಬ್ಬನೇ ದೇವರನ್ನು ನಂಬಿ ಆಮೇಲೆ ಜಾರಿದ ಜನ ಎಂಬ ಸರಳ ಕಥೆ ಮಾತ್ರ ಇಂಥ ಬರಹಗಳ ಮುಂದೆ ನಿಲ್ಲುವುದಿಲ್ಲ. ಜಾರುವ ಹಾದಿ ದೇವಾಲಯದ ಒಳಗಿನಿಂದಲೇ ಇತ್ತು. ಮೋಶೆಯೇ ದೇವರ ಅಪ್ಪಣೆಯಿಂದ ಮಾಡಿಸಿದ್ದ ಕಂಚಿನ ಸರ್ಪಕ್ಕೆ ಜನ ಧೂಪ ಹಾಕತೊಡಗಿದ್ದರು; ಅದನ್ನು ಚೂರುಚೂರು ಮಾಡಲು ಅರಸನಾದ ಹಿಜ್ಕೀಯನೇ ಬರಬೇಕಾಯಿತು. ಹಾಗೆಯೇ ಸುಳ್ಳು ಪ್ರವಾದಿಗಳೆಲ್ಲರೂ ಬಾಳ ಎಂಬ ಅನ್ಯದೇವತೆಯ ಪೂಜಾರಿಗಳಾಗಿರಲಿಲ್ಲ. ಅರಸ ಅಹಾಬನಿಗೆ ಯುದ್ಧದಲ್ಲಿ ಜಯ ನಿನ್ನದೇ ಎಂದು ನುಡಿದ ಸುಮಾರು 400 ಮಂದಿ ಯೆಹೋವನ ಹೆಸರೆತ್ತಿಯೇ ನುಡಿದರು. ಸೋಲನ್ನು ಕಂಡ ಪ್ರವಾದಿ ಮೀಕಾಯೆಹು ಒಬ್ಬನೇ ನಿಂತನು. ಕೇಳುವವನ ಕಿವಿಗೆ ಎರಡೂ ಒಂದೇ ದನಿಯಲ್ಲಿ ಬರುತ್ತಿದ್ದ ಕಾಲ ಅದು.

ಈಗ ಯೆಹೂದಿ ಗುರುಗಳ ಚರ್ಚೆ, ಕಥೆಗಳ ಸಂಗ್ರಹವಾದ ತಾಲ್ಮುದಿನ ಒಂದು ಕಥೆಗೆ ಬರುತ್ತೇನೆ. ಯೋಮಾ ಎಂಬ ಭಾಗದಲ್ಲಿರುವ ಈ ಕಥೆಯ ಕಾಲ, ಬಾಬಿಲೋನಿನ ಸೆರೆಯಿಂದ ಮರಳಿದ ಜನ ಜೆರುಸಲೇಮಿನಲ್ಲಿ ಎರಡನೆಯ ದೇವಾಲಯವನ್ನು ಕಟ್ಟಿಕೊಂಡ ನಂತರದ್ದು. ನೆಹೆಮೀಯನ ಗ್ರಂಥದಲ್ಲಿ ದೇವಾಲಯದ ಸೇವೆಯ ಲೇವಿಯರು ದೊಡ್ಡ ದನಿಯಲ್ಲಿ ದೇವರನ್ನು ಕೂಗಿದರು ಎಂಬ ಒಂದು ಸಾಲು ಬರುತ್ತದೆ. ಏನೆಂದು ಕೂಗಿದರು ಎಂಬುದನ್ನು ತಾಲ್ಮುದ್ ತುಂಬಿಕೊಡುತ್ತದೆ. ನಮ್ಮ ಆಲಯವನ್ನು ಸುಡಿಸಿದ್ದು, ಸಜ್ಜನರನ್ನು ಕೊಲ್ಲಿಸಿದ್ದು, ನಮ್ಮನ್ನು ನಾಡು ಬಿಡಿಸಿದ್ದು ಈ ವಿಗ್ರಹದ ಹಂಬಲವೇ. ಅದು ಇನ್ನೂ ನಮ್ಮ ನಡುವೆ ಕುಣಿಯುತ್ತಿದೆ. ಅದನ್ನು ಗೆದ್ದು ಪುಣ್ಯ ಗಳಿಸಲೆಂದಲ್ಲವೇ ನೀನು ಕೊಟ್ಟದ್ದು? ನಮಗೆ ಅದೂ ಬೇಡ, ಅದರಿಂದ ಬರುವ ಪುಣ್ಯವೂ ಬೇಡ. ಆಗ ಆಕಾಶದಿಂದ ‘ಸತ್ಯ’ ಎಂದು ಬರೆದ ಓಲೆಯೊಂದು ಬೀಳುತ್ತದೆ. ಮೂರು ಹಗಲು ಮೂರು ರಾತ್ರಿ ಉಪವಾಸವಿದ್ದ ಬಳಿಕ ಆ ಹಂಬಲವು ಬೆಂಕಿಯ ಸಿಂಹದ ಮರಿಯ ರೂಪದಲ್ಲಿ ಹೊರಬರುತ್ತದೆ. ಅದು ಬಂದದ್ದು ಎಲ್ಲಿಂದ ಗೊತ್ತೇ? ದೇವಾಲಯದ ಅತ್ಯಂತ ಒಳಗಿನ, ಮಹಾಯಾಜಕನೊಬ್ಬನು ವರ್ಷಕ್ಕೊಂದು ದಿನ ಮಾತ್ರ ಕಾಲಿಡಬಹುದಾದ ಮಹಾಪರಿಶುದ್ಧ ಸ್ಥಳದಿಂದ. ಹಿಡಿಯಹೋದಾಗ ಅದರ ಒಂದು ಕೂದಲು ಕಿತ್ತುಬಂದು, ಅದು ಹಾಕಿದ ಕೂಗು ನಾನೂರು ಹರದಾರಿ ಕೇಳಿಸಿತಂತೆ. ಕೊನೆಗೆ ಸದ್ದನ್ನು ಹೀರಿಕೊಳ್ಳುವ ಸೀಸದ ಪಾತ್ರೆಯಲ್ಲಿ ಹಾಕಿ, ಸೀಸದ ಮುಚ್ಚಳವನ್ನೇ ಮುಚ್ಚಿ ಅದನ್ನು ಅಡಗಿಸುತ್ತಾರೆ.

ಒಳ್ಳೆಯ ಗಳಿಗೆ ಕೂಡಿಬಂದಿದೆಯೆಂದು ಅವರೇ ಕಾಮದ ಹಂಬಲವನ್ನೂ ಬೇಡಿ ಪಡೆದು ಮೂರು ದಿನ ಕಟ್ಟಿಹಾಕಿದರಂತೆ. ಆಗ ರೋಗಿಯೊಬ್ಬನಿಗೆ ಬೇಕಾಗಿದ್ದ ಅಂದಿನ ಹೊಸ ಮೊಟ್ಟೆಯೊಂದು ಇಡೀ ನಾಡಿನಲ್ಲಿ ಹುಡುಕಿದರೂ ಸಿಗಲಿಲ್ಲ. ಅದನ್ನು ಕೊಂದರೆ ಲೋಕವೇ ನಿಂತುಹೋಗುವುದೆಂದು ತಿಳಿದು ಕಣ್ಣು ಕುರುಡಾಗಿಸಿ ಬಿಟ್ಟುಬಿಟ್ಟರು. ಕಾಮವನ್ನು ಕಟ್ಟಿದಾಗ ಲೋಕ ಕಳೆದುಕೊಂಡದ್ದೇನೆಂದು ಕಥೆ ಬಾಯಿಬಿಟ್ಟು ಹೇಳುತ್ತದೆ. ವಿಗ್ರಹದ ಹಂಬಲವನ್ನು ಮುಚ್ಚಿದಾಗ ಏನು ಹೋಯಿತೆಂದು ಹೇಳುವುದಿಲ್ಲ.

ಆ ಮೌನವನ್ನು ಬಿಡಿಸಿದವರು ಬಹಳ ತಡವಾಗಿ ಬಂದರು. 18ನೆಯ ಶತಮಾನದ ಲಿಥುವೇನಿಯಾದ ಮಹಾಪಂಡಿತ, ವಿಲ್ನಾದ ಗಾವೋನ್ ಎಂದೇ ಪ್ರಸಿದ್ಧರಾದ ರಬ್ಬಿ (ಯೆಹೂದಿ ಧರ್ಮಗುರು) ಎಲಿಯಾಹು, ವಿಗ್ರಹದ ಹಂಬಲ ಅಳಿದಾಗಲೇ ಪ್ರವಾದನೆಯೂ ಅಳಿಯಿತೆಂದರು. ಪೋಲೆಂಡಿನ ಲುಬ್ಲಿನ್ ನಗರದ ರಬ್ಬಿ ಸಾದೋಕ್ ಹಕೋಹೆನ್ (1823–1900) ಈ ಎಳೆಯನ್ನು ಹಿಡಿದು ದೂರದವರೆಗೆ ನಡೆದರು. ಕಾಣದ ದೇವರನ್ನು ಕಣ್ಣಾರೆ ಕಾಣಬೇಕು, ಮೈಯಾರೆ ಅರಿಯಬೇಕು ಎಂಬ ಒಂದೇ ಹಸಿವು ಸರಿಯಾದ ದಾರಿ ಹಿಡಿದರೆ ಪ್ರವಾದಿಯನ್ನೂ ದಾರಿ ತಪ್ಪಿದರೆ ವಿಗ್ರಹವನ್ನೂ ಹುಟ್ಟಿಸುತ್ತದೆ ಎಂಬುದು ನಾನು ಅವರಿಂದ ಗ್ರಹಿಸಿದ ಸಾರ. ಹಾಗಿದ್ದರೆ ಸಿಂಹದ ಮರಿ ಮಹಾಪರಿಶುದ್ಧ ಸ್ಥಳದಿಂದ ಹೊರಬಂದದ್ದರಲ್ಲಿ ಆಶ್ಚರ್ಯವೇನಿದೆ? ಅದಕ್ಕೆ ಬೇರೆ ಮನೆಯೇ ಇರಲಿಲ್ಲ.

ತಾಲ್ಮುದಿನಲ್ಲಿಯೇ ಇದಕ್ಕೆ ಬೆಂಬಲವಾಗಿ ನಿಲ್ಲುವ ಇನ್ನೊಂದು ಕಥೆಯಿದೆ. ಬಾಬಿಲೋನಿನ ಮಹಾಗುರು ರಾವ್ ಆಶಿ ಒಂದು ದಿನ ಪಾಠ ಮುಗಿಸುತ್ತ, ನಾಳೆ ನಮ್ಮ ಗೆಳೆಯರಿಂದ ಆರಂಭಿಸೋಣ ಎಂದು ಶಿಷ್ಯರಿಗೆ ಹೇಳಿದರು. ಗೆಳೆಯರೆಂದು ಅವರು ಹಗುರವಾಗಿ ಕರೆದದ್ದು ಮನಸ್ಸೆಯೇ ಮೊದಲಾದ, ವಿಗ್ರಹಗಳನ್ನು ಪೂಜಿಸಿ ಕೆಟ್ಟ ಹೆಸರು ಪಡೆದ ಅರಸರನ್ನು. ಆ ರಾತ್ರಿ ಮನಸ್ಸೆ ಕನಸಿನಲ್ಲಿ ಬಂದು, ನಾನು ನಿನಗೂ ನಿನ್ನ ತಂದೆಗೂ ಗೆಳೆಯನೋ ಎಂದು ಕೇಳಿ, ರೊಟ್ಟಿಯ ಮೇಲೆ ಆಶೀರ್ವಾದ ಹೇಳಿ ಅದನ್ನು ಯಾವ ಕಡೆಯಿಂದ ಮುರಿಯಬೇಕೆಂದು ಪ್ರಶ್ನಿಸಿದನು. ರಾವ್ ಆಶಿಗೆ ತಿಳಿಯಲಿಲ್ಲ. ಉತ್ತರವನ್ನು ಮನಸ್ಸೆಯೇ ಕಲಿಸಿಕೊಟ್ಟನು. ಇಷ್ಟು ತಿಳಿದವರಾಗಿ ವಿಗ್ರಹಗಳನ್ನು ಏಕೆ ಪೂಜಿಸಿದಿರಿ ಎಂದು ಗುರು ಕೇಳಿದಾಗ, ನೀನು ಅಂದು ಅಲ್ಲಿ ಇದ್ದಿದ್ದರೆ ಅಂಗಿಯ ಸೆರಗನ್ನು ಎತ್ತಿ ಕಟ್ಟಿಕೊಂಡು ನನ್ನ ಹಿಂದೆಯೇ ಓಡಿಬರುತ್ತಿದ್ದೆ ಎಂಬ ಉತ್ತರ ಬಂದಿತು. ಮರುದಿನ ರಾವ್ ಆಶಿ ಪಾಠವನ್ನು ಆರಂಭಿಸಿದ್ದು ನಮ್ಮ ಗುರುಗಳು ಎಂಬ ಮಾತಿನಿಂದ. ಹಿಂದಿನವರನ್ನು ತೀರ್ಪುಗಾರನ ಪೀಠದಿಂದ ನೋಡುವ ನಮ್ಮ ಕಾಲದವರೆಲ್ಲ ಈ ಕಥೆಯನ್ನು ಓದಬೇಕು ಎನ್ನುವುದು ನನ್ನ ಬಹುಕಾಲದ ಆಸೆ.

ಹಸಿವು ಇಂಗಿದ ಮೇಲೆ ಉಳಿದದ್ದು ಓದಿನ ಮನೆ. ಕೊನೆಯ ಪ್ರವಾದಿಗಳಾದ ಹಗ್ಗಾಯ, ಜೆಕರ್ಯ, ಮಲಾಕಿಯರು ತೀರಿಕೊಂಡ ಮೇಲೆ ದೈವಪ್ರೇರಣೆ ಇಸ್ರಾಯೇಲನ್ನು ಬಿಟ್ಟುಹೋಯಿತೆಂದು ರಬ್ಬಿಗಳು ದಾಖಲಿಸಿದರು. ಅದರ ಜೊತೆಗೆ ಪ್ರವಾದಿಗಿಂತ ಪಂಡಿತನೇ ಮೇಲು ಎಂದೂ ಹೇಳಿಕೊಂಡರು. ಆ ಎರಡನೆಯ ಮಾತಿನಲ್ಲಿ ಸ್ವಲ್ಪ ಸಮಾಧಾನವೂ ಸ್ವಲ್ಪ ಜಂಬವೂ ಬೆರೆತಿದೆ ಎಂದು ನನಗೆ ತೋರುತ್ತದೆ. ಒಮ್ಮೆ ರಬ್ಬಿಗಳ ಸಭೆಯಲ್ಲಿ ಒಲೆಯೊಂದರ ಶುದ್ಧತೆಯ ಬಗ್ಗೆ ವಾದ ನಡೆದಾಗ ರಬ್ಬಿ ಎಲಿಯೇಜರರ ಪರವಾಗಿ ಮರ ಬುಡಸಹಿತ ಸರಿಯಿತು, ಕಾಲುವೆ ಹಿಮ್ಮುಖವಾಗಿ ಹರಿಯಿತು, ಕಡೆಗೆ ಆಕಾಶವಾಣಿಯೇ ಆಯಿತು. ರಬ್ಬಿ ಯೆಹೋಶುವ ಎದ್ದುನಿಂತು, ಧರ್ಮಶಾಸ್ತ್ರ ಆಕಾಶದಲ್ಲಿಲ್ಲ ಎಂಬ ಮೋಶೆಯ ಮಾತನ್ನೇ ಉದ್ಧರಿಸಿ ಅದನ್ನೂ ತಳ್ಳಿಹಾಕಿದರು. ಯೆರೆಮೀಯನಂಥವನೊಬ್ಬನು ಆ ಸಭೆಗೆ ಬಂದಿದ್ದರೆ ಅವನಿಗೆ ಕೂರಲು ಜಾಗ ಸಿಗುತ್ತಿತ್ತೇ ಎಂಬ ಅನುಮಾನ ನನಗಿದೆ.

ವಿಗ್ರಹಗಳೂ ಅಷ್ಟರಲ್ಲಿ ಬರಿಯ ಅಲಂಕಾರಗಳಾಗಿದ್ದವು. ಅಕ್ಕೋ ಪಟ್ಟಣದ ಸ್ನಾನಗೃಹದಲ್ಲಿ ಗ್ರೀಕ್ ದೇವತೆ ಅಫ್ರೊದಿತೆಯ ಪ್ರತಿಮೆಯ ಎದುರು ಸ್ನಾನ ಮಾಡುತ್ತಿದ್ದ ರಬ್ಬನ್ ಗಮ್ಲಿಯೇಲರನ್ನು ಒಬ್ಬ ತತ್ತ್ವಜ್ಞಾನಿ ಆಕ್ಷೇಪಿಸಿದಾಗ, ಅವಳಿದ್ದಲ್ಲಿಗೆ ನಾನು ಬರಲಿಲ್ಲ, ನಾನಿದ್ದಲ್ಲಿಗೆ ಅವಳು ಬಂದಳು ಎಂದು ಅವರು ನಕ್ಕು ಬಿಡಬಹುದಾದ ಉತ್ತರ ಕೊಟ್ಟರು. 6ನೆಯ ಶತಮಾನದ ಬೇತ್ ಆಲ್ಫಾ ಸಭಾಮಂದಿರದ ನೆಲದ ಮೇಲಂತೂ ರಾಶಿಚಕ್ರದ ನಡುವೆ ಗ್ರೀಕರ ಸೂರ್ಯದೇವ ರಥವೇರಿ ಕುಳಿತಿದ್ದಾನೆ, ಹೀಬ್ರೂ ಬರಹಗಳ ಪಕ್ಕದಲ್ಲಿಯೇ. ಸಿಂಹ ಪಾತ್ರೆಯೊಳಗಿದೆ ಎಂಬ ಧೈರ್ಯವಿದ್ದವರು ಮಾತ್ರ ಹಾಗೆ ಚಿತ್ರಿಸಿಕೊಳ್ಳಬಲ್ಲರು.

ಮಧ್ಯಯುಗದ ಇಬ್ಬರ ಬಗ್ಗೆ ನಾಲ್ಕು ಮಾತು ಸಾಕು. ಸ್ಪೇನಿನ ಕವಿ ಯೆಹೂದಾ ಹಲೇವಿ ಚಿನ್ನದ ಕರುವನ್ನು ಮಾಡಿದವರನ್ನು ಬಹುಮಟ್ಟಿಗೆ ಅರ್ಥಮಾಡಿಕೊಂಡರು: ಮೋಶೆ ಬೆಟ್ಟದಿಂದ ಇಳಿದುಬರುವುದು ತಡವಾದಾಗ ಅವರು ಬೇರೆ ದೇವರನ್ನು ಬೇಡಲಿಲ್ಲ, ತಮ್ಮ ದೇವರ ಕಡೆಗೆ ಮುಖ ಮಾಡಲು ಕಣ್ಣಿಗೆ ಕಾಣುವ ಒಂದು ಗುರುತನ್ನು ಬೇಡಿದರು, ಅಪ್ಪಣೆಯಿಲ್ಲದೆ ಅದನ್ನು ತಾವೇ ಮಾಡಿಕೊಂಡದ್ದು ತಪ್ಪಾಯಿತು. ತತ್ತ್ವಜ್ಞಾನಿ ಮೈಮೊನಿಡೀಸ್ (1138–1204) ತಣ್ಣನೆಯ ಮನುಷ್ಯ. ನಕ್ಷತ್ರಗಳು ದೇವರ ಮಂತ್ರಿಗಳು, ಮಂತ್ರಿಗೆ ಸಲ್ಲಿಸಿದ ಗೌರವ ಅರಸನಿಗೇ ಸಲ್ಲುತ್ತದೆ ಎಂಬ ತಪ್ಪು ತರ್ಕದಿಂದ ವಿಗ್ರಹಾರಾಧನೆ ಹುಟ್ಟಿತೆಂದು ಅವರು ಬರೆದರು. ಪ್ರವಾದನೆಯಾದರೋ ಬುದ್ಧಿ, ಕಲ್ಪನಾಶಕ್ತಿ ಮತ್ತು ನಡತೆಗಳು ಪಕ್ವವಾದವನ ಮೇಲೆ ದೇವರಿಂದ ಉಕ್ಕಿ ಹರಿಯುವ ಅರಿವು, ಸೆರೆಯ ದುಃಖದಲ್ಲಿ ಕಲ್ಪನೆ ಕುಗ್ಗಿದ್ದರಿಂದ ಅದು ನಿಂತಿತು ಎಂದರು. ವಾದ ಚೊಕ್ಕಟವಾಗಿದೆ. ಆದರೆ ಮನಸ್ಸೆ ವಿಗ್ರಹಗಳ ಹಿಂದೆ ಓಡಿದ್ದು ತರ್ಕದ ತಪ್ಪಿನಿಂದ ಎಂದು ನನಗೆ ನಂಬಲಾಗುವುದಿಲ್ಲ.

ಪಾತ್ರೆಯ ಮುಚ್ಚಳ ಎಂದೂ ಅಲುಗಲಿಲ್ಲ ಎಂದಲ್ಲ. 1665ರಲ್ಲಿ ಗಾಜಾದ ನಾಥನ್ ಎಂಬ ತರುಣನು ತಾನು ಪ್ರವಾದಿಯೆಂದು ಹೇಳಿಕೊಂಡು ಶಬ್ಬತಾಯ್ ಸ್ವಿ ಎಂಬವನನ್ನು ಮೆಸ್ಸೀಯನೆಂದು, ಅಂದರೆ ಯೆಹೂದಿಗಳು ಎದುರುನೋಡುತ್ತಿದ್ದ ಉದ್ಧಾರಕನೆಂದು ಸಾರಿದನು. ಇಜ್ಮೀರ್, ಅಲೆಪ್ಪೊಗಳಂಥ ಊರುಗಳಲ್ಲಿ ಹೆಂಗಸರು ಮಕ್ಕಳೆನ್ನದೆ ಜನ ಬಿದ್ದು ಹೊರಳಾಡಿ ಪ್ರವಾದನೆ ನುಡಿದರು. ಮರುವರ್ಷ ಸೆಪ್ಟೆಂಬರಿನಲ್ಲಿ ಆ ಮೆಸ್ಸೀಯ ಉಸ್ಮಾನಿ ಸುಲ್ತಾನನ ಎದುರು ಇಸ್ಲಾಂ ಸ್ವೀಕರಿಸಿದನು. ಆಲಯ ಬಿದ್ದ ಮೇಲೆ ಪ್ರವಾದನೆಯನ್ನು ಹುಚ್ಚರಿಗೂ ಮಕ್ಕಳಿಗೂ ಕೊಡಲಾಯಿತು ಎಂಬ ರಬ್ಬಿ ಯೋಹಾನಾನರ ಕಹಿಮಾತನ್ನು ಅಂದು ಅನೇಕರು ನೆನೆದಿರಬೇಕು.

ವಿಗ್ರಹದ ಪ್ರಶ್ನೆ ನಮ್ಮ ಮನೆಯ ಬಾಗಿಲಿಗೂ ಒಮ್ಮೆ ಬಂದಿತ್ತು. ನೀನು ಬಹುಶಃ ಗಮನಿಸಿರಲಾರೆ. ನಮ್ಮೂರುಗಳಿಂದ ಹೋದವರು ತಿರುಮಲೆಯ ಕಲ್ಯಾಣಕಟ್ಟೆಯಲ್ಲಿ ಕೊಟ್ಟ ಮುಡಿಯೂ ಸೇರಿದಂತೆ ಭಾರತದ ಕೂದಲು, ಮದುವೆಯಾದ ಮೇಲೆ ತಲೆಗೂದಲನ್ನು ಮರೆಮಾಡುವ ಕಟ್ಟುನಿಟ್ಟಿನ ಯೆಹೂದಿ ಸ್ತ್ರೀಯರ ಟೋಪನ್‌ಗಳಾಗುತ್ತಿತ್ತು. 2004ರಲ್ಲಿ ಜೆರುಸಲೇಮಿನ ರಬ್ಬಿ ಎಲ್ಯಾಶಿವ್, ಆ ಕೂದಲು ವಿಗ್ರಹಕ್ಕೆ ಅರ್ಪಿಸಿದ ಕಾಣಿಕೆಯೆಂದು ತೀರ್ಪಿತ್ತಾಗ ಬ್ರೂಕ್ಲಿನ್ನಿನ ಬೀದಿಗಳಲ್ಲಿ ಟೋಪನ್‌ಗಳನ್ನು ಸುಟ್ಟರು. ತಲೆ ಬೋಳಿಸುವುದೇ ಪೂಜೆಯೋ, ಪೂಜೆಗೆ ಮುಂಚಿನ ಸಿದ್ಧತೆಯೋ ಎಂಬುದರ ಮೇಲೆ ಆ ವಾದವೆಲ್ಲ ನಿಂತಿತ್ತು. ಭಕ್ತರನ್ನು ಕೇಳಿದರೆ ಅದೇ ಪೂಜೆಯೆನ್ನುತ್ತಾರೆ, ಕ್ಷೌರಿಕರನ್ನು ಕೇಳಿದರೆ ಬೇರೆ ಉತ್ತರ ಬಂದೀತು. ನಾನು ಗಮನಿಸಿದ್ದು ಬೇರೊಂದನ್ನು: ವಾದಿಸಿದವರಲ್ಲಿ ಯಾರೊಬ್ಬರಿಗೂ ಆ ದೇವರ ಕಡೆಗೆ ಎಳೆತವಿರಲಿಲ್ಲ. ಎಲ್ಲವೂ ಶಾಸ್ತ್ರದ ಲೆಕ್ಕಾಚಾರವಾಗಿತ್ತು.

ನಿಜವಾದ ಎಳೆತ 20ನೆಯ ಶತಮಾನದಲ್ಲಿ ಬೇರೆ ಕಡೆಯಿಂದ ಮರಳಿತೆಂದು ನನ್ನ ಎಣಿಕೆ. ಯೆಹೂದಿಗಳು ನಾಡಿಗೆ ಹಿಂದಿರುಗುವುದರೊಂದಿಗೆ ಪ್ರವಾದನೆಯೂ ಚಿಗುರುತ್ತದೆಂದು ರಬ್ಬಿ ಕೂಕ್ (1865–1935) ಆಶಿಸಿದರು; ಅವರ ಶಿಷ್ಯ ದಾವೀದ್ ಕೋಹೆನ್ ದ್ರಾಕ್ಷಾರಸವನ್ನು ಬಿಟ್ಟು, ಕೂದಲನ್ನು ಕತ್ತರಿಸದೆ, ವ್ರತ ಹಿಡಿದು ಅದಕ್ಕಾಗಿ ತಮ್ಮನ್ನೇ ಸಿದ್ಧಪಡಿಸಿಕೊಂಡರು. 1967ರ ಯುದ್ಧದಲ್ಲಿ ಜೆರುಸಲೇಮಿನಲ್ಲಿ ದೇವಾಲಯದ ಆವರಣದಿಂದ ಉಳಿದಿರುವ ಹಳೆಯ ಗೋಡೆ ಇಸ್ರೇಲಿನ ಕೈಸೇರಿ ಜನ ಅದರೆದುರು ಕುಣಿದಾಗ, ಅದೇ ನಗರದ ವಿಜ್ಞಾನಿಯೂ ಕಟ್ಟಾ ಶ್ರದ್ಧಾಳುವೂ ಆಗಿದ್ದ ಯೆಶಾಯಾಹು ಲೀಬೊವಿಟ್ಸ್ ಅದನ್ನು ಡಿಸ್ಕೊ ಎಂದು ಗೇಲಿ ಮಾಡಿದರು. ಕಲ್ಲನ್ನೂ ನೆಲವನ್ನೂ ರಾಜ್ಯವನ್ನೂ ಪವಿತ್ರವೆನ್ನುವುದು ಹೊಸ ವಿಗ್ರಹಾರಾಧನೆ ಎಂದು ಸಾಯುವವರೆಗೂ ಹೇಳುತ್ತಲೇ ಇದ್ದರು. ಲುಬ್ಲಿನ್ನಿನ ರಬ್ಬಿಯ ಮಾತು ನಿಜವಾಗಿದ್ದರೆ ಆ ಆಸೆಯೂ ಈ ಎಚ್ಚರಿಕೆಯೂ ಒಟ್ಟಿಗೇ ಬರಬೇಕಿತ್ತು, ಹಾಗೆಯೇ ಬಂದವು. ಲೀಬೊವಿಟ್ಸರಿಗೆ ಅತೀಂದ್ರಿಯ ಅನುಭವಗಳಲ್ಲಿ ಯಾವ ಆಸಕ್ತಿಯೂ ಇರಲಿಲ್ಲ, ಆಜ್ಞೆಗಳನ್ನು ಪಾಲಿಸುವುದಷ್ಟೇ ಧರ್ಮವೆನ್ನುತ್ತಿದ್ದರು. ಆದರೂ ಇಸ್ರೇಲಿನ ಅನೇಕರು ಅವರಿಗೆ ಇಟ್ಟ ಅಡ್ಡಹೆಸರು ಕೋಪದ ಪ್ರವಾದಿ ಎಂದು.

ನಿನ್ನ ಅಭಿಪ್ರಾಯವನ್ನು ಬರೆ.

ಇಂತು ನಿನ್ನ ಪ್ರೀತಿಯ
ಗೆಳೆಯ