ಜೀನ್ ಯಾವುದು ಎಂದರೆ ಸಾಲದು, ಕೋಶ ಯಾವುದು?

ಮಾನ್ಯ ಸಂಪಾದಕರೇ,

ಆಟಿಸಂಗೆ ‘ಕಾರಣವಾದ ಜೀನ್ ಪತ್ತೆ’ ಎಂಬ ಶೀರ್ಷಿಕೆಗಳು ಪತ್ರಿಕೆಗಳಲ್ಲಿ ಆಗಾಗ ಕಾಣಿಸುತ್ತವೆ. ಆದರೆ ಆ ಜೀನ್ ಮಿದುಳಿನ ಯಾವ ಕೋಶದಲ್ಲಿ, ಬೆಳವಣಿಗೆಯ ಯಾವ ಹಂತದಲ್ಲಿ ಸಕ್ರಿಯವಾಗಿರುತ್ತದೆ ಎಂಬುದೂ ಅಷ್ಟೇ ಮುಖ್ಯ. ಹಿಂದೆ ಅಂಗಾಂಶದ ತುಣುಕನ್ನು ಇಡಿಯಾಗಿ ಅರೆದು, ಸಕ್ರಿಯ ಜೀನ್‌ಗಳ ನಕಲಾದ ಆರ್‌ಎನ್‌ಎ ಅಳೆಯುತ್ತಿದ್ದರು. ಹುಳಿಯ ತರಕಾರಿಗಳನ್ನೆಲ್ಲ ರುಬ್ಬಿ, ಕಹಿ ಯಾವುದರದೆಂದು ಹುಡುಕಿದ ಹಾಗೆ. ಈಗ ಶೈತ್ಯದಲ್ಲಿ ಕಾಪಿಟ್ಟ ಮಿದುಳಿನಿಂದ ಕೋಶಕೇಂದ್ರಗಳನ್ನು ಬೇರ್ಪಡಿಸಿ, ಒಂದೊಂದನ್ನೂ ಎಣ್ಣೆಯಲ್ಲಿ ತೇಲುವ ಸೂಕ್ಷ್ಮ ಹನಿಯೊಳಗೆ ಸೇರಿಸಿ, ಅದರ ಆರ್‌ಎನ್‌ಎಗೆ ಯಾವ ಕೋಶದ್ದೆಂದು ತಿಳಿಸುವ ಗುರುತನ್ನು (ಬಾರ್‌ಕೋಡ್) ಜೋಡಿಸಿ ಓದುತ್ತಾರೆ.

2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಕೋಶಕೇಂದ್ರಗಳನ್ನು ಹೀಗೆ ಓದಿ, ಆಟಿಸಂ ಇದ್ದವರಲ್ಲಿ ಜೀನ್‌ಗಳ ಚಟುವಟಿಕೆಯ ಬದಲಾವಣೆಗಳು ಮುಖ್ಯವಾಗಿ ಮಿದುಳಿನ ಹೊರಪದರದ ಮೇಲ್‌ಸ್ತರಗಳ ನರಕೋಶಗಳಲ್ಲಿ ಮತ್ತು ಮೈಕ್ರೋಗ್ಲಿಯಾ ಎಂಬ ರಕ್ಷಕ ಕೋಶಗಳಲ್ಲಿ ಇರುವುದನ್ನು ತೋರಿಸಿದರು. 2023ರಲ್ಲಿ ಪ್ರಕಟವಾದ ಮಿದುಳುಕೋಶಗಳ ನಕಾಶೆಯಂತೂ ವಯಸ್ಕರ ಮಿದುಳಿನಲ್ಲಿ 3,000ಕ್ಕೂ ಹೆಚ್ಚು ಬಗೆಯ ಕೋಶಗಳನ್ನು ಗುರುತಿಸಿತು. ಇದರಿಂದ ನಾಳೆಯೇ ಔಷಧ ಬರುತ್ತದೆಂದು ಬರೆಯುವುದು ಮಾತ್ರ ಪೋಷಕರಿಗೆ ಮಾಡುವ ಅನ್ಯಾಯ.

ಇಂಥ ಅಧ್ಯಯನಗಳೆಲ್ಲ ನಿಂತಿರುವುದು ದಾನವಾಗಿ ಬಂದ ಮಿದುಳುಗಳ ಮೇಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದಲೇ ಮಿದುಳು ಬ್ಯಾಂಕ್ ಇದೆ. ನೇತ್ರದಾನದ ಬಗ್ಗೆ ಬಲ್ಲ ನಮ್ಮಲ್ಲಿ ಅದನ್ನು ಬಲ್ಲವರು ವಿರಳ. ಮರಣಾನಂತರ ಕೆಲವೇ ಗಂಟೆಗಳಲ್ಲಿ ಮಿದುಳನ್ನು ಸಂಗ್ರಹಿಸಬೇಕಾದ್ದರಿಂದ ಕುಟುಂಬದವರು ಮೊದಲೇ ತಿಳಿದಿರಬೇಕಾಗುತ್ತದೆ. ಈ ದಾನದ ವಿಧಾನವನ್ನು ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ವಿವರಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಜೀವಶಾಸ್ತ್ರ ಅಧ್ಯಾಪಕ, ಶಿವಮೊಗ್ಗ